ದಾರಿ ಕಡಿದವನಿಗೆ ದಕ್ಕದ ನೆಲ

1798ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಎರಡು ಸರ್ಕಾರಿ ಕಾಗದಗಳಲ್ಲಿ ಒಬ್ಬನೇ ಮನುಷ್ಯನ ಹೆಸರು ಕಾಣಿಸಿಕೊಂಡಿತು. ಒಂದು, ಶಾಸನಸಭೆಯ ತೀರ್ಮಾನ. ಹೊಸದಾಗಿ ರಚಿಸಿದ ಕೌಂಟಿಯೊಂದಕ್ಕೆ, ಅಂದರೆ ಜಿಲ್ಲೆಗೆ, ಆತನ ಹೆಸರಿಡಲಾಗಿತ್ತು. ಇನ್ನೊಂದು, ನ್ಯಾಯಾಲಯದ ವಾರಂಟು. ಸಾಕ್ಷಿ ಹೇಳಲು ಬರಬೇಕೆಂಬ ಸಮನ್ಸಿಗೆ ಓಗೊಡದ ಕಾರಣ ಆತನನ್ನು ಹಿಡಿದು ತರುವಂತೆ ಆಜ್ಞೆಯಾಗಿತ್ತು. ಷೆರೀಫನ ಕೈಗೆ ಆತ ಸಿಗಲಿಲ್ಲ. ಮರುವರ್ಷ ಹೆಂಡತಿ ಮಕ್ಕಳೊಂದಿಗೆ ಗಂಟುಮೂಟೆ ಕಟ್ಟಿಕೊಂಡು, ಆಗ ಸ್ಪೇನ್ ದೇಶದ ಆಳ್ವಿಕೆಯಲ್ಲಿದ್ದ ಮಿಸೌರಿಗೆ ಹೊರಟೇಹೋದ.

ಆತನೇ ಡೇನಿಯಲ್ ಬೂನ್. ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಕಾಡು ಸೀಳಿ ದಾರಿ ಮಾಡಿದ ಧೀರ. ಆತ ತೀರಿಕೊಂಡ ಮೂರೇ ವರ್ಷಕ್ಕೆ, 1823ರಲ್ಲಿ, ಇಂಗ್ಲೆಂಡಿನ ಕವಿ ಬೈರನ್ ತನ್ನ ‘ಡಾನ್ ಜುವಾನ್’ ಕಾವ್ಯದಲ್ಲಿ ಆತನನ್ನು ಹೊಗಳಿದ. 1964ರಿಂದ 1970ರವರೆಗೆ ಟೆಲಿವಿಷನ್ ಧಾರಾವಾಹಿಯೊಂದು ಆತನ ತಲೆಯ ಮೇಲೆ ಬಾಲವಿರುವ ತುಪ್ಪಳದ ಟೋಪಿ ಇಟ್ಟು ಮನೆಮನೆಗೆ ಪರಿಚಯಿಸಿತು. ನಿಜವಾದ ಬೂನ್ ಅಂಥ ಟೋಪಿ ಹಾಕುತ್ತಿರಲಿಲ್ಲ. ಆತನದು ಅಗಲ ಅಂಚಿನ ಸಾಧಾರಣ ಹ್ಯಾಟು.

ಟೋಪಿಯ ಸುಳ್ಳು ಚಿಕ್ಕದು. ದಂತಕಥೆ ಮರೆಮಾಡಿದ ದೊಡ್ಡ ಸಂಗತಿ ಬೇರೆ ಇದೆ. ಲಕ್ಷಾಂತರ ಜನರಿಗೆ ಹೊಸ ನೆಲದ ದಾರಿ ತೆರೆದ ಬೂನ್‌ನ ಹೆಸರಿನಲ್ಲಿ ಕೊನೆಗೆ ಆ ನೆಲದ ಒಂದು ತುಂಡೂ ಉಳಿಯಲಿಲ್ಲ. ಅದು ಹೇಗಾಯಿತೆಂದು ತಿಳಿಯಬೇಕಾದರೆ ವೀರಗಾಥೆಗಳನ್ನು ಪಕ್ಕಕ್ಕಿಟ್ಟು ಜಮೀನಿನ ಕಾಗದಪತ್ರಗಳನ್ನು ನೋಡಬೇಕು.

ಬೇಟೆ ಮತ್ತು ಸಾಲ

ಬೂನ್ ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ತಂದೆ ಸ್ಕ್ವೈರ್ ಬೂನ್ ಇಂಗ್ಲೆಂಡಿನಿಂದ ಬಂದವನು. ನೇಕಾರ ಮತ್ತು ಕಮ್ಮಾರ. ಮನೆಯವರು ಯುದ್ಧವನ್ನೇ ಒಪ್ಪದ ಕ್ವೇಕರ್ ಪಂಥದವರು. ಮಕ್ಕಳು ಪಂಥದ ಹೊರಗೆ ಮದುವೆಯಾದಾಗ ಸಭೆಯವರೊಂದಿಗೆ ವಿರಸ ಉಂಟಾಯಿತು. 1750ರಲ್ಲಿ ಕುಟುಂಬ ದಕ್ಷಿಣದ ಹಾದಿ ಹಿಡಿದು, ಕೊನೆಗೆ ಉತ್ತರ ಕೆರೊಲಿನಾದ ಯಾಡ್ಕಿನ್ ಕಣಿವೆಯಲ್ಲಿ ನೆಲೆಸಿತು.

ಡೇನಿಯಲ್‌ಗೆ ಶಾಲೆಯ ಪಾಠ ಹೆಚ್ಚು ಸಿಗಲಿಲ್ಲ. ಆದರೆ ಓದಲು ಬರೆಯಲು ಬರುತ್ತಿತ್ತು. ಕಿವಿಗೆ ಕೇಳಿಸಿದಂತೆ ಬರೆಯುವುದು ಆತನ ರೂಢಿ. 1755ರಲ್ಲಿ ಬ್ರಿಟಿಷ್ ಸೇನಾಪತಿ ಬ್ರಾಡಕ್ ಫ್ರೆಂಚರ ಮೇಲೆ ದಂಡೆತ್ತಿ ಹೋದಾಗ ಬೂನ್ ಆ ದಂಡಿನಲ್ಲಿ ಗಾಡಿ ಹೊಡೆಯುವವನಾಗಿದ್ದ. ಜುಲೈ 9ರಂದು ದಂಡು ನುಚ್ಚುನೂರಾಯಿತು. ಬೂನ್ ಕುದುರೆಯ ಕಟ್ಟು ಬಿಚ್ಚಿ ಅದರ ಮೇಲೇರಿ ಪ್ರಾಣ ಉಳಿಸಿಕೊಂಡ. ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ ಕೂಡ ಅದೇ ದಂಡಿನಲ್ಲಿದ್ದ. ಬೆಟ್ಟಗಳಾಚೆಯ ಕೆಂಟಕಿ ಎಂಬ ನಾಡಿನ ಬಗ್ಗೆ, ಅಲ್ಲಿನ ಕಾಡೆಮ್ಮೆ ಮತ್ತು ಜಿಂಕೆಗಳ ಹಿಂಡುಗಳ ಬಗ್ಗೆ, ಜಾನ್ ಫಿನ್ಲೆ ಎಂಬ ವ್ಯಾಪಾರಿಯಿಂದ ಬೂನ್ ಕೇಳಿದ್ದು ಆ ದಂಡಯಾತ್ರೆಯಲ್ಲೇ.

1756ರಲ್ಲಿ ರೆಬೆಕಾ ಬ್ರಯನ್ ಜೊತೆ ಮದುವೆಯಾಯಿತು. ಹತ್ತು ಮಕ್ಕಳಾದವು. ಬೇಸಾಯ ಬೂನ್‌ಗೆ ಒಗ್ಗಲಿಲ್ಲ. ಶರತ್ಕಾಲದಲ್ಲಿ ಹೊರಟು ತಿಂಗಳುಗಟ್ಟಲೆ ಬೇಟೆಯಾಡಿ ಜಿಂಕೆಯ ಚರ್ಮ ಮಾರುವುದು ಆತನ ಕಸುಬು. ಕೋವಿ, ಮದ್ದು, ಕುದುರೆ ಎಲ್ಲವೂ ಸಾಲದಲ್ಲಿ. ಬೇಟೆ ಕೈಕೊಟ್ಟರೆ ಸಾಲಗಾರರು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದರು. ಆತ ಮತ್ತೆ ಮತ್ತೆ ಪಶ್ಚಿಮದ ಕಡೆಗೆ ನಡೆದದ್ದಕ್ಕೆ ಸಾಹಸದ ಹಂಬಲವಷ್ಟೇ ಅಲ್ಲ, ಈ ಸಾಲವೂ ಕಾರಣ.

ಯಾರದ್ದೋ ಬೇಟೆಕಾಡು

1769ರ ಮೇ ತಿಂಗಳಲ್ಲಿ ಬೂನ್, ಫಿನ್ಲೆ ಮತ್ತು ಇತರ ನಾಲ್ವರು ಅಪಲೇಚಿಯನ್ ಪರ್ವತಸಾಲಿನ ಕಂಬರ್ಲೆಂಡ್ ಕಣಿವೆಯ ಮೂಲಕ ಕೆಂಟಕಿಗೆ ಕಾಲಿಟ್ಟರು. ಅದು ಯಾರೂ ಇಲ್ಲದ ಕಾಡಾಗಿರಲಿಲ್ಲ. ಉತ್ತರದ ಶಾನೀ ಮತ್ತು ದಕ್ಷಿಣದ ಚೆರೋಕಿ ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ನೆಲ ಅದು. ಬ್ರಿಟಿಷ್ ದೊರೆಯೇ 1763ರ ಘೋಷಣೆಯಲ್ಲಿ ಪರ್ವತಗಳ ಆಚೆ ವಲಸಿಗರು ನೆಲೆಸಕೂಡದೆಂದು ತಡೆದಿದ್ದ. 1768ರಲ್ಲಿ ಇರೊಕ್ವಾ ಬಣದವರು ಒಹಾಯೊ ನದಿಯ ದಕ್ಷಿಣದ ಭೂಮಿಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಆದರೆ ಅಲ್ಲಿ ಇರೊಕ್ವಾ ಜನ ವಾಸವಾಗಿರಲಿಲ್ಲ. ಬೇಟೆಯಾಡುತ್ತಿದ್ದ ಶಾನೀಗಳನ್ನು ಯಾರೂ ಕೇಳಲೂ ಇಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಶಾನೀ ಬೇಟೆಗಾರರು ಬೂನ್‌ನನ್ನು ಹಿಡಿದರು. ಕೊಲ್ಲಲಿಲ್ಲ. ತಿಂಗಳುಗಳ ಬೇಟೆಯ ಚರ್ಮವನ್ನೆಲ್ಲ ಕಿತ್ತುಕೊಂಡು, ಇದು ನಮ್ಮ ಬೇಟೆಯ ನೆಲ, ಇಲ್ಲಿನ ಪ್ರಾಣಿಗಳು ನಮ್ಮವು, ಮತ್ತೆ ಈ ಕಡೆ ಬರಬೇಡ ಎಂದು ಎಚ್ಚರಿಸಿ ಕಳಿಸಿದರು. ಬೂನ್‌ನ ದೃಷ್ಟಿಯಲ್ಲಿ ಅದು ದರೋಡೆ. ಶಾನೀಗಳ ದೃಷ್ಟಿಯಲ್ಲಿ ಕಳ್ಳಬೇಟೆಗಾರನಿಗೆ ಕೊಟ್ಟ ಮೆದು ಶಿಕ್ಷೆ. ಎಚ್ಚರಿಕೆಯನ್ನು ಬೂನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷ ಅಲ್ಲೇ ಅಲೆದು 1771ರಲ್ಲಿ ಬರಿಗೈಯಲ್ಲಿ ಮನೆಗೆ ಬಂದ.

ಆ ಕಾಡಿನ ದಿನಗಳ ಒಂದು ಸೊಗಸಾದ ವಿವರ ನಮಗೆ ತಿಳಿದಿರುವುದು ಜಮೀನು ವ್ಯಾಜ್ಯದ ಹೇಳಿಕೆಯೊಂದರಿಂದ. ಲಲ್ಬೆಗ್ರುಡ್ ಎಂಬ ಹಳ್ಳಕ್ಕೆ ಆ ವಿಚಿತ್ರ ಹೆಸರು ಬಂದದ್ದು ಹೇಗೆಂದು ಬೂನ್ 1796ರಲ್ಲಿ ಪ್ರಮಾಣ ಮಾಡಿ ಹೇಳಿದ. 1770ರಲ್ಲಿ ಬೇಟೆಗಾರರು ಅಲ್ಲಿ ಬೀಡುಬಿಟ್ಟಿದ್ದಾಗ ‘ಗಲಿವರನ ಪ್ರವಾಸಗಳು’ ಪುಸ್ತಕ ಓದುತ್ತಿದ್ದರಂತೆ. ಅದರಲ್ಲಿ ಬರುವ ದೈತ್ಯರ ಪಟ್ಟಣದ ಹೆಸರನ್ನೇ ಒಬ್ಬ ತಮಾಷೆಗೆ ಹಳ್ಳಕ್ಕೆ ಇಟ್ಟ. ಯಾರದೋ ಜಮೀನಿನ ಗಡಿ ಗೊತ್ತುಪಡಿಸಲು ಕೊಟ್ಟ ಸಾಕ್ಷ್ಯ, ಕಾಡಿನ ಬೆಂಕಿಯ ಬೆಳಕಿನಲ್ಲಿ ಪುಸ್ತಕ ಓದುತ್ತಿದ್ದ ಬೇಟೆಗಾರರನ್ನು ನಮಗೆ ಉಳಿಸಿಕೊಟ್ಟಿದೆ.

1773ರಲ್ಲಿ ಬೂನ್ ಕುಟುಂಬ ಸಮೇತ ಕೆಂಟಕಿಯಲ್ಲಿ ನೆಲೆಸಲು ಹೊರಟ. ಅಕ್ಟೋಬರ್ 10ರ ಬೆಳಗಿನ ಜಾವ, ಹಿಂದುಳಿದಿದ್ದ ಒಂದು ಗುಂಪಿನ ಮೇಲೆ ಮೂಲನಿವಾಸಿಗಳು ಬಿದ್ದರು. ಬೂನ್‌ನ ಹಿರಿಯ ಮಗ ಜೇಮ್ಸ್, ಹದಿನಾರರ ಹುಡುಗ, ಚಿತ್ರಹಿಂಸೆಗೆ ಸಿಕ್ಕಿ ಸತ್ತ. ಅದನ್ನು ಕಣ್ಣಾರೆ ಕಂಡು ಹೇಳಿದವನು, ನದಿಯ ಬದಿಯಲ್ಲಿ ಅವಿತು ಬದುಕಿದ ಆ್ಯಡಮ್ ಎಂಬ ಗುಲಾಮ. ಗಡಿನಾಡಿನ ಕಥೆಗಳಲ್ಲಿ ಕಪ್ಪು ಜನರ ಹೆಸರು ಅಪರೂಪ. ಆದರೆ ಅವರ ದುಡಿಮೆ ಮೊದಲ ದಿನದಿಂದಲೂ ಅಲ್ಲಿತ್ತು. ಬೂನ್ ಕೂಡ ಮುಂದೆ ಗುಲಾಮರ ಒಡೆಯನಾದ. 1787ರ ಹೊತ್ತಿಗೆ ಆತನ ಬಳಿ ಏಳು ಮಂದಿ ಇದ್ದರು.

ಎರಡು ಕೋಟಿ ಎಕರೆಯ ಖರೀದಿ

1775ರ ಮಾರ್ಚಿನಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ನ್ಯಾಯಾಧೀಶ ಮತ್ತು ಆತನ ಪಾಲುದಾರರು ಸಿಕಮೋರ್ ಶೋಲ್ಸ್ ಎಂಬಲ್ಲಿ ಚೆರೋಕಿ ಮುಖಂಡರನ್ನು ಸೇರಿಸಿದರು. ಸುಮಾರು 10 ಸಾವಿರ ಪೌಂಡ್ ಬೆಲೆಯ ಸರಕು ಕೊಟ್ಟು ಸುಮಾರು 2 ಕೋಟಿ ಎಕರೆ ಭೂಮಿಯನ್ನು ‘ಕೊಂಡರು’. ಡ್ರ್ಯಾಗಿಂಗ್ ಕನೂ ಎಂಬ ಚೆರೋಕಿ ನಾಯಕ ಇದನ್ನು ಕಟುವಾಗಿ ವಿರೋಧಿಸಿದ. ವ್ಯವಹಾರ ಮುಗಿಯುವ ಮೊದಲೇ ಬೂನ್ ಸುಮಾರು ಮೂವತ್ತು ಮಂದಿ ಕೊಡಲಿಯವರೊಂದಿಗೆ ದಾರಿ ಕಡಿಯಲು ಹೊರಟಿದ್ದ. ಪ್ರತಿಫಲವಾಗಿ ದೊಡ್ಡ ಜಮೀನಿನ ಭರವಸೆ ಸಿಕ್ಕಿತ್ತು.

ಅವರು ಕಡಿದದ್ದು ಗಾಡಿಯ ರಸ್ತೆಯಲ್ಲ. ಕುದುರೆಗಳು ಒಂದರ ಹಿಂದೆ ಒಂದು ಹೋಗಬಹುದಾದ, ಸುಮಾರು 200 ಮೈಲಿಯ ಕಾಲುದಾರಿ. ಬಹಳ ಕಡೆ ಅದು ಕಾಡೆಮ್ಮೆಗಳೂ ಮೂಲನಿವಾಸಿಗಳೂ ತುಳಿದು ಮಾಡಿದ್ದ ಹಳೆಯ ಜಾಡೇ. ಏಪ್ರಿಲ್ ಆರಂಭದಲ್ಲಿ ಕೆಂಟಕಿ ನದಿಯ ದಂಡೆಯಲ್ಲಿ ಬೂನ್ಸ್‌ಬರೊ ಎಂಬ ನೆಲೆ ಹುಟ್ಟಿತು. ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಆ ದಾರಿಯಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಪಶ್ಚಿಮಕ್ಕೆ ನಡೆದರೆಂಬ ಅಂದಾಜಿದೆ.

ಆದರೆ ವರ್ಜೀನಿಯಾ ಸರ್ಕಾರ ಆ ಪ್ರದೇಶ ತನ್ನದೆಂದು ಸಾರಿತು. 1778ರಲ್ಲಿ ಹೆಂಡರ್ಸನ್‌ನ ಖರೀದಿಯನ್ನು ರದ್ದುಮಾಡಿತು. ಕಂಪನಿಗೆ ಪರಿಹಾರವಾಗಿ 2 ಲಕ್ಷ ಎಕರೆ ದೊರೆಯಿತು. ದಾರಿ ಕಡಿದ ಬೂನ್‌ಗೆ ಕೊಟ್ಟಿದ್ದ ಮಾತು ಗಾಳಿಗೆ ಹೋಯಿತು. ಆತ ಕಳೆದುಕೊಂಡ ಭೂಮಿಯಲ್ಲಿ ಇದು ಮೊದಲನೆಯದು.

ಶಾನೀಗಳ ಮಗ

ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರ ಆರಂಭವಾಗಿತ್ತು. ತಮ್ಮ ನೆಲ ಕೈಬಿಡುತ್ತಿದ್ದುದನ್ನು ಕಂಡ ಶಾನೀಗಳು ಬ್ರಿಟಿಷರ ಬೆಂಬಲ ಪಡೆದು ನೆಲೆಗಳ ಮೇಲೆ ದಾಳಿ ಮಾಡತೊಡಗಿದರು. 1776ರ ಜುಲೈ 14ರಂದು ದೋಣಿಯಲ್ಲಿದ್ದ ಬೂನ್‌ನ ಮಗಳು ಜೆಮೈಮಾ ಮತ್ತು ಅವಳ ಇಬ್ಬರು ಗೆಳತಿಯರನ್ನು ಅಪಹರಿಸಿದರು. ಬೂನ್ ಜಾಡು ಹಿಡಿದು ಹೋಗಿ ಮೂರನೆಯ ದಿನ ಅವರನ್ನು ಬಿಡಿಸಿ ತಂದ.

1778ರ ಫೆಬ್ರವರಿಯಲ್ಲಿ ನಡೆದದ್ದು ಇನ್ನೂ ತೊಡಕಿನ ಘಟನೆ. ಮಾಂಸ ಕೆಡದಂತೆ ಇಡಲು ಉಪ್ಪು ಬೇಕಿತ್ತು. ಬೂನ್ ಮತ್ತು ಸುಮಾರು ಮೂವತ್ತು ಮಂದಿ ಬ್ಲೂ ಲಿಕ್ಸ್ ಎಂಬ ಉಪ್ಪುನೀರಿನ ಚಿಲುಮೆಗಳ ಬಳಿ ನೀರು ಕಾಯಿಸುತ್ತಿದ್ದರು. ಬೇಟೆಗೆಂದು ಒಂಟಿಯಾಗಿ ಹೋಗಿದ್ದ ಬೂನ್ ಶಾನೀಗಳ ಕೈಗೆ ಸಿಕ್ಕ. ಅವರ ಮುಖಂಡ ಬ್ಲ್ಯಾಕ್‌ಫಿಶ್ ದೊಡ್ಡ ಪಡೆಯೊಂದಿಗೆ ಬೂನ್ಸ್‌ಬರೊ ಮೇಲೆ ಹೊರಟಿದ್ದ. ಕೋಟೆ ಆಗ ದುರ್ಬಲವಾಗಿತ್ತು. ಬೂನ್ ಉಪ್ಪು ಕಾಯಿಸುತ್ತಿದ್ದವರನ್ನು ಹೋರಾಡದೆ ಶರಣಾಗುವಂತೆ ಒಪ್ಪಿಸಿ, ದಾಳಿಯನ್ನು ಮುಂದಕ್ಕೆ ಹಾಕಿಸಿದ.

ಸೆರೆಸಿಕ್ಕವರಲ್ಲಿ ಕೆಲವರನ್ನು ಸತ್ತವರ ಸ್ಥಾನದಲ್ಲಿ ಮನೆಮಕ್ಕಳಾಗಿ ಸ್ವೀಕರಿಸುವುದು ಶಾನೀಗಳ ಪದ್ಧತಿ. ಬ್ಲ್ಯಾಕ್‌ಫಿಶ್ ಬೂನ್‌ನನ್ನೇ ಮಗನನ್ನಾಗಿ ತೆಗೆದುಕೊಂಡ. ‘ಷೆಲ್ಟೊವೀ’, ಅಂದರೆ ದೊಡ್ಡ ಆಮೆ, ಎಂದು ಹೆಸರಿಟ್ಟ. ಬೂನ್ ಅವರ ಊರಾದ ಚಿಲಿಕಾಥಿಯಲ್ಲಿ ಅವರೊಂದಿಗೆ ಉಂಡು ಬೇಟೆಯಾಡಿ ತಿಂಗಳುಗಟ್ಟಲೆ ಇದ್ದ. ಜೂನಿನಲ್ಲಿ ದಾಳಿಗೆ ಸಿದ್ಧತೆ ನಡೆದಿರುವುದು ಕಂಡಾಗ ತಪ್ಪಿಸಿಕೊಂಡ. ನಾಲ್ಕು ದಿನಗಳಲ್ಲಿ 160 ಮೈಲಿ ದಾಟಿ ಕೋಟೆ ಸೇರಿದ. ಆದರೆ ಮನೆಯಲ್ಲಿ ರೆಬೆಕಾ ಇರಲಿಲ್ಲ. ಗಂಡ ಸತ್ತನೆಂದೇ ತಿಳಿದು ಮಕ್ಕಳೊಂದಿಗೆ ಉತ್ತರ ಕೆರೊಲಿನಾಕ್ಕೆ ಮರಳಿದ್ದಳು. ತಂದೆಗಾಗಿ ಕಾದು ಕುಳಿತಿದ್ದವಳು ಜೆಮೈಮಾ ಒಬ್ಬಳೇ.

ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಫಿಶ್ ಮುತ್ತಿಗೆ ಹಾಕಿದ. ದತ್ತು ತಂದೆ ಗೋಡೆಯ ಹೊರಗೆ, ಮಗ ಒಳಗೆ. ಮಾತುಕತೆ ಮುರಿದುಬಿತ್ತು, ಕೋಟೆ ಉಳಿಯಿತು. ಮುತ್ತಿಗೆ ಮುಗಿದ ಮೇಲೆ ಬೂನ್‌ನ ಒಡನಾಡಿಗಳೇ ಆತನನ್ನು ಸೇನಾ ವಿಚಾರಣೆಗೆ ಎಳೆದರು. ಉಪ್ಪು ಕಾಯಿಸುತ್ತಿದ್ದವರನ್ನು ಶತ್ರುವಿಗೆ ಒಪ್ಪಿಸಿದ, ಬ್ರಿಟಿಷರೊಂದಿಗೆ ಸೇರಿಕೊಂಡ ಎಂಬುದು ಆರೋಪ. ಸೆರೆಸಿಕ್ಕವರಲ್ಲಿ ಹಲವರು ಇನ್ನೂ ಮನೆಗೆ ಮರಳಿರಲಿಲ್ಲ; ಅವರ ಕುಟುಂಬಗಳ ಸಿಟ್ಟಿಗೆ ಅರ್ಥವಿತ್ತು. ತಾನು ಮಾಡಿದ್ದೆಲ್ಲ ಕೋಟೆಯನ್ನು ಉಳಿಸುವ ಉಪಾಯವೆಂದು ಬೂನ್ ವಾದಿಸಿದ. ಆತನನ್ನು ನಿರ್ದೋಷಿಯೆಂದು ಬಿಟ್ಟದ್ದಷ್ಟೇ ಅಲ್ಲ, ಮೇಜರ್ ಹುದ್ದೆಗೆ ಏರಿಸಿದರು. ಈ ವಿಚಾರಣೆಯ ಅಧಿಕೃತ ದಾಖಲೆ ಉಳಿದಿಲ್ಲ. ಡೇನಿಯಲ್ ಟ್ರಬೂ ಎಂಬ ಸಮಕಾಲೀನ ತನ್ನ ನೆನಪುಗಳಲ್ಲಿ ಬರೆದಿಡದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಬೂನ್ ಅದರ ಬಗ್ಗೆ ಮಾತಾಡಲು ಇಷ್ಟಪಡುತ್ತಿರಲಿಲ್ಲ.

ಯುದ್ಧ ಆತನಿಂದ ಇನ್ನೂ ಕಿತ್ತುಕೊಂಡಿತು. 1780ರಲ್ಲಿ ತಮ್ಮ ನೆಡ್ ಸತ್ತ. 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್‌ನಲ್ಲಿ ಹೊಂಚುದಾಳಿ ಇರಬಹುದೆಂದು ಬೂನ್ ಕೊಟ್ಟ ಎಚ್ಚರಿಕೆಯನ್ನು ಲೆಕ್ಕಿಸದೆ ನಾಗರಿಕ ಪಡೆ ನದಿ ದಾಟಿತು. ಎಪ್ಪತ್ತಕ್ಕೂ ಹೆಚ್ಚು ಮಂದಿ ಹತರಾದರು. ಅವರಲ್ಲಿ ಬೂನ್‌ನ ಇನ್ನೊಬ್ಬ ಮಗ ಇಸ್ರೇಲ್ ಕೂಡ ಇದ್ದ.

ಚಕ್ಕುಬಂದಿಯ ಗೋಜಲು

ಶತ್ರುವಿನ ಕೋವಿಯಿಂದ ಪಾರಾದವನನ್ನು ಸೋಲಿಸಿದ್ದು ವರ್ಜೀನಿಯಾದ 1779ರ ಭೂಕಾನೂನು. ಅದರ ಪ್ರಕಾರ 1778ಕ್ಕೆ ಮುಂಚೆ ನೆಲೆಸಿದವರಿಗೆ 400 ಎಕರೆಯ ಹಕ್ಕು, ಪಕ್ಕದ 1,000 ಎಕರೆ ಕೊಳ್ಳಲು ಆದ್ಯತೆ. ಇತರರು ಖಜಾನೆಗೆ ಹಣ ಕಟ್ಟಿ ವಾರಂಟು ಪಡೆಯಬಹುದಿತ್ತು. ಈ ವಾರಂಟು ಇಂಥದೇ ಜಮೀನಿನ ಮೇಲಲ್ಲ. ಎಲ್ಲಿಯಾದರೂ ಇಷ್ಟು ಎಕರೆ ಎಂಬ ಹಕ್ಕು, ಅಷ್ಟೇ. ನಂತರ ಹಕ್ಕುದಾರ ತನಗೆ ಬೇಕಾದ ಜಾಗವನ್ನು ತಾನೇ ಹುಡುಕಿ ಕಚೇರಿಯಲ್ಲಿ ನಮೂದಿಸಬೇಕು, ಸರ್ವೆ ಮಾಡಿಸಬೇಕು, ಆಕ್ಷೇಪಣೆ ಬಾರದಿದ್ದರೆ ಕೊನೆಗೆ ಹಕ್ಕುಪತ್ರ ಪಡೆಯಬೇಕು.

ತೊಂದರೆ ಇಲ್ಲಿಯೇ ಇತ್ತು. ಸರ್ಕಾರ ನಾಡನ್ನು ಮೊದಲು ಅಳತೆ ಮಾಡಿ ನಕ್ಷೆ ತಯಾರಿಸಿರಲಿಲ್ಲ. ಚಕ್ಕುಬಂದಿ ಎಂದರೆ ಇಂಥ ಹಳ್ಳದ ಕವಲು, ಗುರುತು ಕೆತ್ತಿದ ಇಂಥ ಮರ, ಯಾರೋ ಬೇಟೆಗಾರನ ಹಳೆಯ ಬಿಡಾರ. ಮರ ಬಿದ್ದರೆ ಗಡಿಯೂ ಬಿತ್ತು. ಒಂದೇ ಹಳ್ಳಕ್ಕೆ ಎರಡು ಹೆಸರು, ಎರಡು ಹಳ್ಳಕ್ಕೆ ಒಂದೇ ಹೆಸರು. ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನದು, ಅದರ ಮೇಲೆ ಮತ್ತೊಬ್ಬನದು, ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹಕ್ಕುಗಳು ಕೂತವು. ಒಹಾಯೊ ನದಿಯ ಉತ್ತರಕ್ಕೆ ಒಕ್ಕೂಟ ಸರ್ಕಾರ 1785ರಲ್ಲಿ ಮಾಡಿದ ಕಾನೂನು ಬೇರೆ ಥರದ್ದು: ಮೊದಲು ಆರು ಮೈಲಿ ಚದರದ ಚೌಕಗಳಾಗಿ ಅಳತೆ, ಆಮೇಲೆ ಮಾರಾಟ. ಕೆಂಟಕಿಗೆ ಆ ಭಾಗ್ಯ ಇರಲಿಲ್ಲ. ಬೂನ್ ಒಬ್ಬನೇ ಅಲ್ಲ, ಎಷ್ಟೋ ಸಾಮಾನ್ಯರು ಹೀಗೆ ನೆಲ ಕಳೆದುಕೊಂಡರು. ಅಬ್ರಹಾಂ ಲಿಂಕನ್‌ನ ತಂದೆ 1816ರಲ್ಲಿ ಕೆಂಟಕಿ ಬಿಡಲು ಮುಖ್ಯ ಕಾರಣ ಜಮೀನು ಹಕ್ಕಿನ ತಕರಾರೇ ಎಂದು ಲಿಂಕನ್ ಸ್ವತಃ ಬರೆದಿದ್ದಾನೆ.

ಬೂನ್ ಈ ವ್ಯವಸ್ಥೆಯ ಬಲಿಪಶು ಮಾತ್ರ ಆಗಿರಲಿಲ್ಲ, ಪಾಲುದಾರನೂ ಹೌದು. 1780ರಲ್ಲಿ ತನ್ನದೂ ನೆರೆಯವರದೂ ಸೇರಿ ಸುಮಾರು 20 ಸಾವಿರ ಡಾಲರ್ ಕಾಗದದ ಹಣ ತೆಗೆದುಕೊಂಡು ವಾರಂಟು ಕೊಳ್ಳಲು ಹೊರಟ. ದಾರಿಯಲ್ಲಿ ಛತ್ರವೊಂದರಲ್ಲಿ ಮಲಗಿದ್ದಾಗ ಅಷ್ಟೂ ಕಳವಾಯಿತು. ಕೆಲವರು ಕ್ಷಮಿಸಿದರು. ಉಳಿದವರ ಹಣವನ್ನು ಆತ ವರ್ಷಗಟ್ಟಲೆ ತೀರಿಸಿದ. ಮುಂದೆ ಸರ್ವೆಯರ್ ಆಗಿ ಸರಪಳಿ ಹಿಡಿದು ಇತರರಿಗೆ ಜಮೀನು ಅಳೆದುಕೊಟ್ಟ. ತಾನೂ ಲಾಭದಾಸೆಯಿಂದ ಸಾವಿರಾರು ಎಕರೆಗೆ ಹಕ್ಕು ಹೂಡಿದ. ಆದರೆ ನಮೂದು, ಗಡುವು, ಸಹಿ ಇವುಗಳಲ್ಲಿ ಆತ ಚುರುಕಾಗಿರಲಿಲ್ಲ. ವಕೀಲರನ್ನಿಟ್ಟುಕೊಂಡು ಬಂದ ಹಣವಂತರ ಮುಂದೆ ಒಂದೊಂದೇ ಹಕ್ಕು ಬಿದ್ದುಹೋಯಿತು. ತಾನು ಮಾರಿದ್ದ ಜಮೀನಿನ ಹಕ್ಕು ಬಿದ್ದಾಗ ಕೊಂಡವರಿಗೆ ಪರಿಹಾರ ಕೊಡಬೇಕಾಯಿತು. ಆತ ಅಳೆದದ್ದು ತಪ್ಪೆಂದು ದಾವೆಗಳು, ಆತನ ಸಾಕ್ಷ್ಯ ಸುಳ್ಳೆಂದು ಬೈಗುಳ.

ವಿಚಿತ್ರವೆಂದರೆ ಇದೇ ಕಾಲಕ್ಕೆ ಆತ ಲೋಕಪ್ರಸಿದ್ಧನಾಗುತ್ತಿದ್ದ. 1784ರಲ್ಲಿ ಜಾನ್ ಫಿಲ್ಸನ್ ಎಂಬ ಶಿಕ್ಷಕ ಕೆಂಟಕಿಯ ಬಗ್ಗೆ ಪುಸ್ತಕ ಪ್ರಕಟಿಸಿ, ಅದರಲ್ಲಿ ಬೂನ್‌ನ ಸಾಹಸಗಳನ್ನು ಬೂನ್‌ನೇ ಹೇಳಿದಂತೆ ಬರೆದ. ಸಂಗತಿಗಳು ಬೂನ್‌ನವು, ಅಲಂಕಾರದ ಭಾಷೆ ಫಿಲ್ಸನ್‌ನದು. ಫಿಲ್ಸನ್ ಕೂಡ ಕೆಂಟಕಿಯಲ್ಲಿ ಜಮೀನಿನ ಹಕ್ಕುಗಳನ್ನು ಹೊಂದಿದ್ದವನೇ. ಹೆಚ್ಚು ವಲಸಿಗರು ಬಂದರೆ ನೆಲಕ್ಕೆ ಬೆಲೆ. ಹೀಗೆ ಆ ದಂತಕಥೆಯ ಬುಡದಲ್ಲೂ ಇದ್ದದ್ದು ಭೂಮಿಯ ವ್ಯಾಪಾರವೇ.

ಮಿಸೌರಿಯ ಸಂಜೆ

1799ರಲ್ಲಿ ಮಿಸೌರಿಗೆ ಬಂದ ಬೂನ್‌ಗೆ ಸ್ಪೇನಿನ ಅಧಿಕಾರಿಗಳು ಸುಮಾರು 850 ಎಕರೆ ಕೊಟ್ಟು, ಫೆಮ್ ಓಸೇಜ್ ಪ್ರದೇಶದ ‘ಸಿಂಡಿಕ್’ ಆಗಿ, ನ್ಯಾಯತೀರ್ಮಾನ ಮಾಡುವ ಅಧಿಕಾರ ಕೊಟ್ಟು ನೇಮಿಸಿದರು. ಆತ ಮರದ ಕೆಳಗೆ ಕುಳಿತು ಪಂಚಾಯಿತಿ ನಡೆಸಿದ. ಆದರೆ 1803ರಲ್ಲಿ ಅಮೆರಿಕ ಆ ಪ್ರದೇಶವನ್ನು ಕೊಂಡುಕೊಂಡಿತು. ಹೊಸ ಸರ್ಕಾರದ ಭೂಸಮಿತಿ ಹಳೆಯ ಮಂಜೂರಾತಿಗಳನ್ನು ಪರಿಶೀಲಿಸಿ, ಬೂನ್ ಸಾಗುವಳಿ ಮತ್ತು ನೋಂದಣಿಯ ಷರತ್ತುಗಳನ್ನು ಪೂರೈಸಿಲ್ಲವೆಂದು ಆತನ ಹಕ್ಕನ್ನು ತಳ್ಳಿಹಾಕಿತು. ಬೂನ್ ಸಂಸತ್ತಿಗೆ ಮನವಿ ಸಲ್ಲಿಸಿದ. 1814ರಲ್ಲಿ 850 ಎಕರೆ ಮರಳಿ ಸಿಕ್ಕಿತು. ಹಿಂದಿನ ವರ್ಷವಷ್ಟೇ ರೆಬೆಕಾ ತೀರಿಕೊಂಡಿದ್ದಳು. ಸುದ್ದಿ ತಿಳಿದ ಕೆಂಟಕಿಯ ಹಳೆಯ ಸಾಲಗಾರರು ಬಾಗಿಲಿಗೆ ಬಂದರು. ಬೂನ್ ಆ ಜಮೀನನ್ನೂ ಮಾರಿ ಋಣ ತೀರಿಸಿದ.

ಕೊನೆಯ ವರ್ಷಗಳಲ್ಲಿ ಆತನ ನೆರೆಯಲ್ಲಿ ಶಾನೀಗಳೂ ಇದ್ದರು. ಕೆಂಟಕಿಯನ್ನೂ ಒಹಾಯೊವನ್ನೂ ಕಳೆದುಕೊಂಡು ಮಿಸೌರಿಗೆ ಬಂದಿದ್ದವರು. ಒಂದು ಕಾಲದ ಶತ್ರುಗಳು, ಒಂದು ಕಾಲದ ಬಂಧುಗಳು ಮತ್ತೆ ಭೇಟಿಯಾಗಿ ಹಳೆಯ ಮಾತಾಡುತ್ತಿದ್ದರು. ಅಲ್ಲಿಂದಲೂ ಶಾನೀಗಳು ಪಶ್ಚಿಮಕ್ಕೆ ಸರಿಯಬೇಕಾಯಿತು. ಇಂದು ಮಾನ್ಯತೆ ಪಡೆದ ಮೂರು ಶಾನೀ ಸಮುದಾಯಗಳೂ ಇರುವುದು ಒಕ್ಲಹೋಮಾ ರಾಜ್ಯದಲ್ಲಿ. ಬೂನ್ ಕಾಗದದಲ್ಲಿ ಸೋತ. ಶಾನೀಗಳ ಬಳಿ ಸೋಲಲು ಕಾಗದವೇ ಇರಲಿಲ್ಲ.

1820ರ ಸೆಪ್ಟೆಂಬರ್ 26ರಂದು, 85ನೆಯ ವಯಸ್ಸಿನಲ್ಲಿ, ಮಗ ನೇಥನ್‌ನ ಮನೆಯಲ್ಲಿ ಬೂನ್ ಕೊನೆಯುಸಿರೆಳೆದ. 1851ರಲ್ಲಿ ಲೈಮನ್ ಡ್ರೇಪರ್ ಎಂಬ ಸಂಗ್ರಹಕಾರ ನೇಥನ್ ದಂಪತಿಯ ಮುಂದೆ ಕುಳಿತು ದಿನಗಟ್ಟಲೆ ನೆನಪುಗಳನ್ನು ಬರೆದುಕೊಂಡ. ವಿಸ್ಕಾನ್ಸಿನ್ ಇತಿಹಾಸ ಸಂಸ್ಥೆಯಲ್ಲಿರುವ ಆ ಬರಹಗಳು, ನ್ಯಾಯಾಲಯದ ಹೇಳಿಕೆಗಳು, ತೆರಿಗೆ ಪಟ್ಟಿಗಳು, ಸರ್ವೆ ಪುಸ್ತಕಗಳು ಇವೇ ಇಂದು ಬೂನ್‌ನನ್ನು ಹುಡುಕುವವರಿಗೆ ದಾರಿ.

ರೆಬೆಕಾಳ ಪಕ್ಕದಲ್ಲಿ ಆತನನ್ನು ಮಣ್ಣು ಮಾಡಿದ್ದರು. 1845ರಲ್ಲಿ ಕೆಂಟಕಿಯವರು ಬಂದು, ಇಬ್ಬರ ಅಸ್ಥಿಗಳೆಂದು ಅಗೆದುಕೊಂಡು ಹೋಗಿ ತಮ್ಮ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ ವೈಭವದಿಂದ ಹೂಳಿದರು. ಗುರುತಿಲ್ಲದ ಸಮಾಧಿಗಳ ನಡುವೆ ಅಗೆದವರು ಬೇರೆ ಯಾರನ್ನೋ ಒಯ್ದರು, ಬೂನ್ ಇನ್ನೂ ನಮ್ಮಲ್ಲೇ ಇದ್ದಾನೆ ಎಂಬುದು ಮಿಸೌರಿಯವರ ವಾದ. ಎರಡು ರಾಜ್ಯಗಳಲ್ಲೂ ಸ್ಮಾರಕಗಳಿವೆ. ಬದುಕಿದ್ದಾಗ ಒಂದು ಎಕರೆಯನ್ನೂ ಉಳಿಸಿಕೊಳ್ಳಲಾಗದವನಿಗೆ ಸತ್ತ ಮೇಲೆ ಎರಡು ಕಡೆ ಆರಡಿ ನೆಲ. ಅದಕ್ಕೂ ತಕರಾರು ತಪ್ಪಿಲ್ಲ.